ಆಯಿ ಸಾರಿಸಿದ ನೆಲ, ಮೈಕ್ರೋಸ್ಕೋಪಿನ ಕೆಳಗೆ

ಎರೆಹೊಲ, ಪುಣೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಸಮಾಧಾನವಾಗಿ ಓದಿ.

ಹಳೇ ಊರುಗಳನ್ನು ಅಗೆಯುವ ಜಾಗದಿಂದ ಬಂದ ಮಣ್ಣನ್ನು ಗಾಜಿನ ಮೇಲೆ ಕೂರಿಸುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಪುಣೆಯಲ್ಲಿ ಇದನ್ನೇ ಮಾಡುತ್ತಿದ್ದೇನೆ. ಮಣ್ಣಿನ ಗಟ್ಟಿ ಅಲುಗದ ಹಾಗೆ ಬರುತ್ತದೆ. ಅದನ್ನು ಒಣಗಿಸಿ, ರೆಸಿನ್ ಅನ್ನುವ ಅಂಟು ಕುಡಿಸಿ, ಕಲ್ಲಿನ ಹಾಗೆ ಗಟ್ಟಿಯಾಗುವವರೆಗೆ ವಾರಗಟ್ಟಲೆ ಕಾಯುತ್ತೇವೆ. ಆಮೇಲೆ ವಜ್ರದ ಅಲಗಿನ ಗರಗಸದಲ್ಲಿ ಬಿಲ್ಲೆ ಕೊಯ್ದು, ಗಾಜಿಗೆ ಅಂಟಿಸಿ, 30 ಮೈಕ್ರಾನ್ ಆಗುವವರೆಗೆ ಉಜ್ಜುತ್ತೇವೆ. ಅಂದರೆ ಒಂದು ತಲೆಕೂದಲಿನ ದಪ್ಪದ ಅರ್ಧ ಅಂದುಕೊಳ್ಳಿ. ಅಷ್ಟು ತೆಳುವಾದಾಗ ಮಣ್ಣಿನ ಮೂಲಕ ಬೆಳಕು ಹಾಯುತ್ತದೆ. ಇದಕ್ಕೆ ಥಿನ್ ಸೆಕ್ಷನ್ ಅನ್ನುತ್ತಾರೆ. ಮಣ್ಣನ್ನು ಹೀಗೆ ಓದುವ ದಾರಿಯನ್ನು ಶುರು ಮಾಡಿದವರು ಆಸ್ಟ್ರಿಯಾದ ವಾಲ್ಟರ್ ಕುಬಿಯೆನಾ. ಅವರ ಪುಸ್ತಕ ಬಂದದ್ದು 1938ರಲ್ಲಿ. ಮಣ್ಣು ತೆಗೆಯುವ ತಗಡಿನ ಡಬ್ಬಿಗೆ ಇವತ್ತಿಗೂ ಅವರದೇ ಹೆಸರು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಬಾಗಲಕೋಟೆ ಕಡೆಯ ನಮ್ಮ ಹಳೇ ಮನೆ ಕೆಡವಿದರು. ಮಾಳಿಗೆ ಮನೆ, ಮಣ್ಣಿನ ನೆಲ. ಕೆಡವುವ ಹಿಂದಿನ ದಿನ ನಾನು ಹೋಗಿ, ಪಡಸಾಲೆಯ ಮೂಲೆಯಿಂದ ಒಂದು ಗಟ್ಟಿ ಕೊಯ್ದು ತಂದೆ. ಉತ್ಖನನದಲ್ಲಿ ಹೇಗೆ ತೆಗೆಯುತ್ತೇವೋ ಹಾಗೇ. ಅದೇ ನೆಲವನ್ನು ನಮ್ಮ ಆಯಿ ನಲವತ್ತು ವರ್ಷ ಸೆಗಣಿಯಿಂದ ಸಾರಿಸಿದ್ದಳು.

ಸ್ಲೈಡ್ ಆದ ಮೇಲೆ ನೋಡಿದೆ. ಎರಡು ಬೆರಳು ದಪ್ಪದ ನೆಲದಲ್ಲಿ ಇಪ್ಪತ್ತಾರು ಪದರ ಎಣಿಸಿದೆ. ಒಂದೊಂದೂ ಕಾಗದದ ಹಾಗೆ. ಪದರದಲ್ಲಿ ಹುಲ್ಲಿನ ಸಿಲಿಕಾ (ಮರಳಿನಲ್ಲಿ ಇರುವಂಥದೇ ವಸ್ತು) ಚೂರುಗಳು ಅಡ್ಡಡ್ಡ ಮಲಗಿವೆ, ಎಲ್ಲಾ ಒಂದೇ ದಿಕ್ಕಿಗೆ. ಕೈ ಆಡಿಸಿದ ದಿಕ್ಕು ಅದು. ಧ್ರುವೀಕರಿಸಿದ, ಅಂದರೆ ಒಂದೇ ದಿಕ್ಕಿಗೆ ಕಂಪಿಸುವ ಬೆಳಕಿಗೆ ಅಡ್ಡ ಫಿಲ್ಟರ್ ಹಾಕಿದಾಗ ಕತ್ತಲಲ್ಲಿ ಪುಟ್ಟ ಪುಟ್ಟ ದುಂಡುಗಳು ಹೊಳೆಯುತ್ತವೆ, ಪ್ರತಿಯೊಂದರ ನಡುವೆ ಕೂಡು ಚಿಹ್ನೆಯ (+) ಹಾಗೆ ಕಪ್ಪು ಗೆರೆ. ಇವು ದನ, ಕುರಿ, ಆಡಿನ ಕರುಳಿನಲ್ಲಿ ಹುಟ್ಟುವ ಸುಣ್ಣದ ಹರಳುಗಳು. ಸೆಗಣಿ ಇತ್ತು ಅನ್ನುವುದಕ್ಕೆ ನಮಗೆ ಸಿಗುವ ಒಳ್ಳೆಯ ಗುರುತು. ಗಾತ್ರ ಬರೀ 5ರಿಂದ 20 ಮೈಕ್ರಾನ್. ಒಂದು ಕಡೆ ಕೆಮ್ಮಣ್ಣಿನ ಕೆಂಪು ಗೆರೆಯೂ ಇದೆ. ಹಬ್ಬದ್ದಿರಬೇಕು.

ಎರಡು ಕಡೆ ನನಗೆ ಪ್ರಶ್ನೆ ಉಳಿಯಿತು. ಮೇಲಿಂದ ಒಂಬತ್ತನೇ ಪದರದಲ್ಲಿ ಒಂದು ಕಪ್ಪು ಗೆರೆ. ಒಲೆಯ ಮಸಿ ಅಂದುಕೊಂಡೆ. ಆದರೆ ಪಡಸಾಲೆಯಲ್ಲಿ ಒಲೆ ಇರಲಿಲ್ಲ. ಇನ್ನೊಂದು, ನಡುವೆ ಪದರಗಳು ಚಾಕುವಿನಿಂದ ಕೊಯ್ದ ಹಾಗೆ ತುಂಡಾಗಿವೆ. ಸ್ವಲ್ಪ ಕಾಲ ಮನೆ ಖಾಲಿ ಬಿದ್ದಿತ್ತು ಅಂತ ಬರೆದುಕೊಂಡೆ. ಇಲ್ಲಿ ಯಾರಾದರೂ ನೆಲ ಸಾರಿಸಿ ಗೊತ್ತಿರುವವರು ಇದ್ದರೆ ದಯವಿಟ್ಟು ಹೇಳಿ.

ಕರಣೆ, ಪುಣೆ

ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾನು ಮೂವತ್ತು ವರ್ಷ ಉತ್ಖನನದಲ್ಲಿ ಕೆಲಸ ಮಾಡಿದವನು, ಈಗ ನಿವೃತ್ತ. ಒಂದು ಮಾತು ಕೇಳುತ್ತೇನೆ, ಬೇಜಾರು ಬೇಡ. ನಮ್ಮ ಕಾಲದಲ್ಲಿ ನೆಲವನ್ನು ಕರಣೆಯ ಸದ್ದಿನಿಂದ ಗುರುತು ಹಿಡಿಯುತ್ತಿದ್ದೆವು. ಮೆತ್ತಗಿನ ಮಣ್ಣು ಮುಗಿದು ಬಡಿದ ನೆಲ ಬಂದಾಗ ಸದ್ದೇ ಬದಲಾಗುತ್ತದೆ. ಬೂದಿ ಕಣ್ಣಿಗೇ ಕಾಣುತ್ತದೆ. ಇದಕ್ಕೆಲ್ಲ ಇಷ್ಟು ತಿಂಗಳ ಲ್ಯಾಬ್ ಕೆಲಸ ಬೇಕಾ? ಒಂದು ಸ್ಲೈಡಿಗೆ ಬೀಳುವ ಖರ್ಚಿನಲ್ಲಿ ಇನ್ನೊಂದು ಗುಂಡಿ ಅಗೆಯಬಹುದು, ಅಲ್ವಾ?

ಎರೆಹೊಲ, ಪುಣೆ

ಬೇಜಾರು ಯಾಕೆ ಸರ್. ಕರಣೆಯ ಸದ್ದು ಕೇಳಿಯೇ ನಾವು ಎಲ್ಲಿ ಗಟ್ಟಿ ತೆಗೆಯಬೇಕು ಅಂತ ತೀರ್ಮಾನ ಮಾಡುವುದು. ಆ ಕಿವಿ ಇಲ್ಲದಿದ್ದರೆ ನಮ್ಮ ಕೆಲಸ ಶುರುವೇ ಆಗುವುದಿಲ್ಲ.

ಆದರೆ ಬೂದಿಯ ವಿಷಯದಲ್ಲಿ ಕಣ್ಣು ಮೋಸ ಹೋಗುತ್ತದೆ. ಚೀನಾದ ಝೌಕೌಡಿಯನ್ ಗವಿ ನೋಡಿ. ಅಲ್ಲಿನ ಒಂದು ಪದರವನ್ನು ಎಷ್ಟೋ ದಶಕ ಎಲ್ಲರೂ ಒಲೆಯ ಬೂದಿ ಅಂತಲೇ ನಂಬಿದ್ದರು. ಆದಿಮಾನವ ಬೆಂಕಿ ಬಳಸಿದ ಅನ್ನುವುದಕ್ಕೆ ಪಠ್ಯಪುಸ್ತಕದ ಉದಾಹರಣೆಯೇ ಅದು. 1998ರಲ್ಲಿ ವಿಜ್ಞಾನಿಗಳಾದ ವೈನರ್, ಗೋಲ್ಡ್‌ಬರ್ಗ್ ಮತ್ತು ಅವರ ಜೊತೆಯವರು ಆ ಮಣ್ಣನ್ನು ಪರೀಕ್ಷೆ ಮಾಡಿದರು. ಮರದ ಬೂದಿ ಅಲ್ಲಿ ಸಿಗಲಿಲ್ಲ. ನೀರು ತಂದು ಹಾಕಿದ ನವಿರು ಹೂಳು ಅದು. ಇದರ ಉಲ್ಟಾ ಕೂಡ ಆಗಿದೆ. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗವಿಯಲ್ಲಿ, ಬಾಗಿಲಿನಿಂದ ಸುಮಾರು 30 ಮೀಟರ್ ಒಳಗೆ, ಥಿನ್ ಸೆಕ್ಷನ್‌ನಲ್ಲಿ ಸುಟ್ಟ ಮೂಳೆಯ ಚೂರು ಮತ್ತು ಗಿಡದ ಬೂದಿ ಇದ್ದಲ್ಲೇ ಕಂಡವು. ಸುಮಾರು 10 ಲಕ್ಷ ವರ್ಷ ಹಿಂದಿನದು. ಅದು ಪ್ರಕಟವಾದದ್ದು 2012ರಲ್ಲಿ. ಬರಿಗಣ್ಣಿಗೆ ಅದು ಸುಮ್ನೆ ಮಣ್ಣು.

ಇನ್ನೊಂದು ಗುಂಡಿ ಅಗೆದರೆ ಇನ್ನಷ್ಟು ಮಡಕೆ ಚೂರು ಸಿಗುತ್ತವೆ ಸರ್, ನಿಜ. ಆದರೆ ಅಗೆದು ತೆಗೆದ ನೆಲ ಮತ್ತೆ ಬರುವುದಿಲ್ಲ. ಬ್ರಷ್‌ನಲ್ಲಿ ಗುಡಿಸಿ ಬುಟ್ಟಿಗೆ ತುಂಬಿದ ಮೇಲೆ ಇಪ್ಪತ್ತಾರು ಪದರ ಒಂದು ಹಿಡಿ ಧೂಳು ಅಷ್ಟೇ.

ಹುನಗುಂದದ ಮಗಳು, ಡೊಂಬಿವಲಿ

ತಮ್ಮಾ, ನಿನ್ನ ಬರಹ ಓದಿ ನನ್ನ ಅಂಗೈಗೆ ಆ ತಣ್ಣನೆ ಸೆಗಣಿ ನೆನಪಾಯಿತು. ಮದುವೆಯಾಗಿ ಮುಂಬೈ ಕಡೆ ಬಂದು ನಲವತ್ತೆರಡು ವರ್ಷ. ಅದಕ್ಕೆ ಮುಂಚೆ ಪ್ರತಿ ಸೋಮವಾರ, ಶುಕ್ರವಾರ ನಾನೇ ಸಾರಿಸುತ್ತಿದ್ದೆ. ನಿನ್ನ ಎರಡೂ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ ಅನಿಸುತ್ತದೆ.

ಮೊದಲನೆಯದು ಕಪ್ಪು ಗೆರೆ. ಅದು ಒಲೆಯ ಮಸಿ ಇರಲಿಕ್ಕಿಲ್ಲ. ಸೆಲ್ಲಿನ ಪುಡಿ ಇರಬೇಕು. ಟಾರ್ಚಿನ ಹಳೇ ಸೆಲ್ ಒಡೆದು ಒಳಗಿನ ಕರಿ ಪುಡಿ ತೆಗೆದು ಸೆಗಣಿ ನೀರಿಗೆ ಕಲಸುತ್ತಿದ್ದೆವು. ನೆಲ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಮನೆಗೆ ನೆಂಟರು ಬರುತ್ತಾರೆ ಅಂದರೆ, ಹೆಣ್ಣು ನೋಡಲು ಬರುತ್ತಾರೆ ಅಂದರೆ, ಪಡಸಾಲೆಗೆ ಅದೇ. ನಮ್ಮ ಅಣ್ಣ ಓಣಿಯೆಲ್ಲ ತಿರುಗಿ ಸತ್ತ ಸೆಲ್ ಕೂಡಿಸಿ ತರುತ್ತಿದ್ದ. ನನ್ನನ್ನು ನೋಡಲು ಬಂದ ದಿನ ಕೂಡ ಆ ನೆಲದ ಮೇಲೇ ಕೂತಿದ್ದೆ.

ಎರಡನೆಯದು, ಪದರ ಕೊಯ್ದ ಹಾಗೆ ಇರುವುದು. ಮನೆ ಖಾಲಿ ಬಿದ್ದಿರಲಿಲ್ಲ, ತಮ್ಮಾ. ಸಾರಿಸಿ ಸಾರಿಸಿ ನೆಲ ಹಕ್ಕಳೆ ಏಳುತ್ತದೆ. ವರ್ಷಕ್ಕೊಮ್ಮೆ ದೀಪಾವಳಿಗೋ ಯುಗಾದಿಗೋ ಮುಂಚೆ, ನೀರು ಚಿಮುಕಿಸಿ, ಕುರ್ಪಿಯಿಂದ ಎಲ್ಲಾ ಕೆತ್ತಿ ತೆಗೆಯುತ್ತಿದ್ದೆವು. ಆಮೇಲೆ ಹೊಟ್ಟು ಕಲಸಿದ ಹೊಸ ಮಣ್ಣು ಹಾಕಿ, ಕೊಡತಿಯಿಂದ ಬಡಿದು, ಅದರ ಮೇಲೆ ಸೆಗಣಿ. ಕೆತ್ತಿದ್ದೆಲ್ಲ ತಿಪ್ಪೆಗೆ. ನಿನ್ನ ಗಾಜಿನಲ್ಲಿ ಆ ಕೊಯ್ದ ಗೆರೆಯ ಮೇಲೆ ಹೊಟ್ಟು ಕಾಣುತ್ತದಾ ನೋಡು.

ಎರೆಹೊಲ, ಪುಣೆ

ಅಕ್ಕಾ, ನಿಮ್ಮ ಮಾತು ಓದಿ ರಾತ್ರಿಯೇ ಕೀಲಿ ತೆಗೆಸಿ ಲ್ಯಾಬಿಗೆ ಹೋದೆ.

ಕೊಯ್ದ ಗೆರೆಯ ಮೇಲೆ ಒಂದು ದಪ್ಪ ಮಣ್ಣಿನ ಪದರ ಇದೆ. ಅದರ ತುಂಬಾ ಉದ್ದುದ್ದ ಖಾಲಿ ಸಂದುಗಳು. ಹೊಟ್ಟು ಕೊಳೆತು ಹೋಗಿ ಜಾಗ ಮಾತ್ರ ಉಳಿದಿದೆ. ಕೆಲವು ಸಂದುಗಳ ಅಂಚಿಗೆ ಹೊಟ್ಟಿನ ಸಿಲಿಕಾ ಹಾಳೆ ಇನ್ನೂ ಅಂಟಿಕೊಂಡಿದೆ, ಜೀವಕೋಶದ ಅಲೆ ಅಲೆ ಅಂಚು ಸಮೇತ. ಇದನ್ನು ನಾನು ಮೊದಲೇ ನೋಡಿದ್ದೆ. ಆದರೆ ಕೆಳಗಿನ ಕೊಯ್ತಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ಮನೆ ಖಾಲಿ ಬಿದ್ದಿದ್ದರೆ ಆ ಗೆರೆಯ ಮೇಲೆ ಗಾಳಿ ತಂದ ಧೂಳು, ಹುಳದ ಬಿಲ, ಮಾಳಿಗೆಯಿಂದ ಉದುರಿದ ಮಣ್ಣು ಇರಬೇಕಿತ್ತು. ಒಂದೂ ಇಲ್ಲ. ಕೆತ್ತಿದ ದಿನವೇ ಹೊಸ ಮಣ್ಣು ಬಿದ್ದಿದೆ.

ಕಪ್ಪು ಗೆರೆಯೂ ನೀವು ಹೇಳಿದ್ದೇ. ಕಟ್ಟಿಗೆಯ ಇದ್ದಿಲು ಎಷ್ಟೇ ಪುಡಿಯಾದರೂ ಅಲ್ಲೊಂದು ಇಲ್ಲೊಂದು ಚೂರಿನಲ್ಲಿ ಮರದ ಜೀವಕೋಶಗಳ ಗೂಡು ಕಾಣುತ್ತದೆ. ಈ ಗೆರೆಯಲ್ಲಿ ಒಂದು ಗೂಡೂ ಇಲ್ಲ. ಬೆಳಕು ಹಾಯದ ನುಣುಪು ಪುಡಿ, ಒಂದೇ ಸಮ ಹರಡಿದೆ. ಅಂದರೆ ಅದರ ಮೇಲಿನ ಪದರಗಳೆಲ್ಲ ನಮ್ಮೂರಿಗೆ ಟಾರ್ಚು ಬಂದ ಮೇಲಿನವು. ಕಾಲ ಹೇಳುವ ಗುರುತು ನನ್ನ ಕಣ್ಣ ಮುಂದೆಯೇ ಇತ್ತು, ನಾನು ಮಸಿ ಅಂತ ಬರೆದುಕೊಂಡಿದ್ದೆ.

ನಿಮ್ಮಂಥವರು ಇನ್ನೂ ಇರುವಾಗಲೇ ನಾವು ಕೂತು ಕೇಳಬೇಕು, ಅಕ್ಕಾ. ಮೂರು ಸಾವಿರ ವರ್ಷದ ಹಿಂದಿನ ನೆಲ ಸಾರಿಸಿದವರನ್ನು ಕೇಳಲು ಆಗುವುದಿಲ್ಲ. ನಿಮ್ಮ ನೆಲವನ್ನು ಸರಿಯಾಗಿ ಓದಲು ಬಂದರೆ ಮಾತ್ರ ಅವರ ನೆಲದ ಬಗ್ಗೆ ಮಾತಾಡುವ ಧೈರ್ಯ ಬರುತ್ತದೆ.

ಎಂಎ ಎರಡನೇ ವರ್ಷ, ಪುಣೆ

ಅಕ್ಕ ಮತ್ತು ಸರ್, ಇಬ್ಬರಿಗೂ ಧನ್ಯವಾದ. ಹಾಗಾದರೆ ಪದರ ಎಣಿಸಿ ವರ್ಷ ಲೆಕ್ಕ ಹಾಕಬಹುದಾ? ಮರದ ಉಂಗುರ ಎಣಿಸಿದ ಹಾಗೆ? ಇನಾಮಗಾಂವ್ ಮನೆಗಳ ನೆಲದಲ್ಲಿ ಇಷ್ಟು ಪದರ ಇದ್ದರೆ ಇಷ್ಟು ವರ್ಷ ಸಂಸಾರ ಮಾಡಿದರು ಅಂತ?

ಎರೆಹೊಲ, ಪುಣೆ

ಇಲ್ಲಪ್ಪ, ಆ ಆಸೆ ಬೇಡ. ವಾರಕ್ಕೆ ಎರಡು ಸಲ ಅಂದರೆ ನಮ್ಮ ಆಯಿ ನಲವತ್ತು ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಸಲ ಸಾರಿಸಿದ್ದಾಳೆ. ನನಗೆ ಸಿಕ್ಕಿದ್ದು ಇಪ್ಪತ್ತಾರು. ಕಾಲು ಸವೆಸುತ್ತದೆ, ಪೊರಕೆ ಸವೆಸುತ್ತದೆ, ಹೊಸ ಸೆಗಣಿ ನೀರು ಹಳೇ ಪದರವನ್ನು ನೆನೆಸಿ ತನ್ನ ಜೊತೆ ಕಲಸಿಬಿಡುತ್ತದೆ. ಮೇಲೆ ಅಕ್ಕ ಹೇಳಿದ ಹಾಗೆ ಕೆತ್ತಿ ತಿಪ್ಪೆಗೆ ಹಾಕಿದ್ದು ಬೇರೆ. ಬಾಗಿಲ ಹತ್ತಿರ ಪದರ ಕಡಿಮೆ, ಮೂಲೆಯಲ್ಲಿ ಜಾಸ್ತಿ. ಆದರೆ ಇದೇ ವ್ಯತ್ಯಾಸದಿಂದ ಜನ ಎಲ್ಲಿ ಓಡಾಡುತ್ತಿದ್ದರು, ಎಲ್ಲಿ ಕಾಳಿನ ಚೀಲ ಇಡುತ್ತಿದ್ದರು ಅನ್ನುವುದು ತಿಳಿಯುತ್ತದೆ. ವರ್ಷಕ್ಕಿಂತ ಅದು ನನಗೆ ದೊಡ್ಡ ಸುದ್ದಿ.

ಇನಾಮಗಾಂವ್ ಗೊತ್ತಿಲ್ಲದವರಿಗೆ: ಪುಣೆ ಜಿಲ್ಲೆಯ ಶಿರೂರು ತಾಲ್ಲೂಕು, ಘೋಡ್ ನದಿಯ ದಂಡೆ. ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಅಗೆದರು. ಸಂಕಾಲಿಯಾ, ಢವಳೀಕರ್, ಅನ್ಸಾರಿ ನೇತೃತ್ವ. ಸುಮಾರು ಕ್ರಿ.ಪೂ. 1600ರಿಂದ 700ರವರೆಗಿನ ರೈತರ ಊರು, ನೂರಕ್ಕೂ ಹೆಚ್ಚು ಮನೆ. ಕಾಲುವೆ, ಕಣಜ ಎಲ್ಲಾ ಇತ್ತು. ಅಂಥ ಒಂದು ಊರನ್ನು ಇವತ್ತು ಅಗೆದರೆ ಪ್ರತಿ ಮನೆಯಿಂದ ಕನಿಷ್ಠ ಎರಡು ಗಟ್ಟಿ ತೆಗೆದಿಡಿ ಅಂತ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ.

ಹುನಗುಂದದ ಮಗಳು, ಡೊಂಬಿವಲಿ

ಇನ್ನೊಂದು ಮಾತು ಮರೆತೆ. ನೆಲಕ್ಕೆ, ಮಾಳಿಗೆಗೆ ಹಾಕುವ ಮಣ್ಣು ಎಲ್ಲಿಯದು ಅಂತ ಯಾರೂ ಕೇಳಲಿಲ್ಲ. ನಮ್ಮಲ್ಲಿ ಹಾಳೂರ ದಿಬ್ಬದಿಂದ ಬಂಡಿ ಕಟ್ಟಿಕೊಂಡು ಹೋಗಿ ತರುತ್ತಿದ್ದರು. ಬಿಳಿಚು ಮಣ್ಣು, ನೀರು ಬೇಗ ಇಳಿಯುವುದಿಲ್ಲ. ಅದರಲ್ಲಿ ಹಳೇ ಬಳೆ ಚೂರು, ಮಡಕೆ ಚೂರು, ಎಲುಬು ಎಲ್ಲಾ ಬರುತ್ತಿತ್ತು.

ಕರಣೆ, ಪುಣೆ

ಅಮ್ಮಾ, ಇದು ಬಹಳ ಮುಖ್ಯವಾದ ಮಾತು. ಇಲ್ಲಿ ಮಹಾರಾಷ್ಟ್ರದಲ್ಲಿ ಆ ಮಣ್ಣಿಗೆ ಪಾಂಢರಿ ಅನ್ನುತ್ತಾರೆ. ಸುತ್ತ ಕರಿ ಹೊಲ, ನಡುವೆ ಬೆಳ್ಳಗಿನ ದಿಬ್ಬ ಕಂಡರೆ ಅಲ್ಲಿ ಹಳೇ ಊರು ಇತ್ತು ಅಂತಲೇ ಲೆಕ್ಕ. ಶತಮಾನಗಳ ಬೂದಿ, ಸೆಗಣಿ, ಗೋಡೆ ಮಣ್ಣು ಸೇರಿ ಆ ಬಣ್ಣ. ಹೊಲಕ್ಕೆ ಗೊಬ್ಬರ ಅಂತ ಟ್ರ್ಯಾಕ್ಟರ್‌ಗಟ್ಟಲೆ ಹೊತ್ತುಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ. ಹಳೇ ಕಾಲದವರೂ ಇನ್ನೂ ಹಳೇ ದಿಬ್ಬದ ಮಣ್ಣು ತಂದು ನೆಲ ಮಾಡಿರಬಹುದಲ್ಲ! ಆಗ ನೆಲದಲ್ಲಿ ಸಿಕ್ಕ ಚೂರು ಆ ಮನೆಯದೇ ಅಂತ ಹೇಳುವ ಹಾಗಿಲ್ಲ. ನಾನು ಎಷ್ಟು ಸಲ ಹಾಗೆ ಬರೆದಿದ್ದೇನೋ.

ಎರೆಹೊಲ, ಪುಣೆ

ಸರ್, ಥಿನ್ ಸೆಕ್ಷನ್‌ನಲ್ಲಿ ಇದು ಗೊತ್ತಾಗುತ್ತದೆ. ಹೊರಗಿಂದ ತಂದು ಕಲಸಿದ ಚೂರು ತನ್ನ ಹಳೇ ಮಣ್ಣನ್ನು ಮೈಗೆ ಅಂಟಿಸಿಕೊಂಡೇ ಬಂದಿರುತ್ತದೆ, ಅಂಚು ಉರುಟಾಗಿರುತ್ತದೆ, ದಿಕ್ಕಾಪಾಲಾಗಿ ನಿಂತಿರುತ್ತದೆ. ಆ ನೆಲದ ಮೇಲೇ ಬಿದ್ದು ತುಳಿಸಿಕೊಂಡ ಚೂರು ಅಡ್ಡ ಮಲಗಿರುತ್ತದೆ. ಕೆಲವು ಎಲುಬಿನ ಚೂರುಗಳು ಬಿದ್ದಲ್ಲೇ ಮುರಿದಿರುತ್ತವೆ, ಎರಡೂ ತುಂಡು ಎದುರು ಬದುರು ಕೂತಿರುತ್ತವೆ.

ಸುರಪುರದವ, ಪಿಂಪ್ರಿ

ಸೆಗಣಿ ಮಾತು ಬಂತಲ್ಲ, ನಮ್ಮ ಬೂದಿಹಾಳ ನೆನಪಿಗೆ ಬಂತು. ಸುರಪುರ ತಾಲ್ಲೂಕು. ಚಿಕ್ಕವನಿದ್ದಾಗ ಅಲ್ಲಿ ಉತ್ಖನನ ನಡೆಯುತ್ತಿತ್ತು, ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಮಾಡಿಸುತ್ತಿದ್ದರು. ಬೂದಿಯ ದಿಬ್ಬ ಅಂದರೆ ರಾಕ್ಷಸರನ್ನು ಸುಟ್ಟ ಜಾಗ ಅಂತ ಹಿರಿಯರು ಹೇಳುತ್ತಿದ್ದರು. ಹಂಪಿ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ನಿಜವಾಗಿ ಏನದು?

ಎರೆಹೊಲ, ಪುಣೆ

ಅಣ್ಣಾ, ಅದು ಕಲ್ಯಾಣ ಕರ್ನಾಟಕದ ದೊಡ್ಡ ಕಥೆ. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ಇಂಥ ದಿಬ್ಬಗಳು ತುಂಬಾ ಇವೆ. ಜ್ವಾಲಾಮುಖಿ ಅಂದವರಿದ್ದರು, ಕಬ್ಬಿಣ ಕಾಯಿಸಿದ ಜಾಗ ಅಂದವರಿದ್ದರು. ಒಳಗೆ ಗಾಜಿನ ಹಾಗೆ ಕರಗಿದ ಗಟ್ಟಿಗಳು ಸಿಗುತ್ತವೆ, ಅದಕ್ಕೇ ಆ ಗೊಂದಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ದನದ ದೊಡ್ಡಿ ಅಂದರು. ಆಮೇಲೆ ಪುರಾತತ್ವಜ್ಞ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ಜೋಯ್ನರ್ ಅನ್ನುವ ವಿಜ್ಞಾನಿ ಲ್ಯಾಬಿನಲ್ಲಿ ಆ ಬೂದಿ ಪರೀಕ್ಷೆ ಮಾಡಿ ಸುಟ್ಟ ಸೆಗಣಿ ಅಂತ ಖಚಿತ ಮಾಡಿದರು. ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲೇ ಜನ ವಾಸ ಮಾಡಿದ ಜಾಗ, ಪ್ರಾಣಿ ಕೊಯ್ದ ಜಾಗ, ಕಲ್ಲಿನ ಹತ್ಯಾರ ಮಾಡಿದ ಜಾಗ ಸಿಕ್ಕವು. ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಗಳ ಹಟ್ಟಿ.

ನಾನು ಹೇಳಿದ ಆ ದುಂಡು ಹರಳುಗಳು ಇಲ್ಲಿ ಸಿಗುವುದು ಕಷ್ಟ. 700 ಡಿಗ್ರಿ ದಾಟಿದ ಬೆಂಕಿಯಲ್ಲಿ ಸುಣ್ಣದ ಹರಳು ಉಳಿಯುವುದಿಲ್ಲ. ಸೆಗಣಿಯೊಳಗಿನ ಹುಲ್ಲಿನ ಸಿಲಿಕಾ ಕರಗಿ ಗಾಜಾಗುತ್ತದೆ. ಅದಕ್ಕೇ ಯಾವ ಪದರ ಜೋರಾಗಿ ಉರಿಯಿತು, ಯಾವುದು ಬರೀ ತುಳಿದ ಸೆಗಣಿ ಅಂತ ಪದರ ಪದರವಾಗಿ ನೋಡಬೇಕು. ಒಂದೇ ಸಲ ಸುಟ್ಟರಾ, ವರ್ಷ ವರ್ಷ ಸುಟ್ಟರಾ ಅನ್ನುವ ಪ್ರಶ್ನೆಗೆ ಬೇರೆ ದಾರಿ ನನಗೆ ಕಾಣುವುದಿಲ್ಲ.

ಕೆಂಪುಕಲ್ಲು, ಫೋಂಡಾ

ನಾನು ಗೋವಾದಲ್ಲಿ ಕಟ್ಟಡದ ಮಣ್ಣು ಪರೀಕ್ಷೆ ಮಾಡುವವನು, ಊರು ಹಾವೇರಿ. ನಾವೂ ಅಲುಗದ ಸ್ಯಾಂಪಲ್ ಅಂತ ಕೊಳವೆ ಇಳಿಸಿ ಮಣ್ಣು ತೆಗೆಯುತ್ತೇವೆ, ಆದರೆ ಭಾರ ತಡೆಯುತ್ತದಾ ಅಂತ ನೋಡಲು. ಇಲ್ಲಿನ ಹಳೇ ಮನೆಗಳಲ್ಲೂ ಸೆಗಣಿ ನೆಲವೇ. ಈ ಜಂಬಿಟ್ಟಿಗೆ ಮಣ್ಣಿನಲ್ಲೂ ಅದೆಲ್ಲ ಉಳಿಯುತ್ತದಾ?

ಎರೆಹೊಲ, ಪುಣೆ

ಕಡಿಮೆ. ಗೋವಾದ ಮಣ್ಣು ಹುಳಿ, ಮಳೆಯೂ ವಿಪರೀತ. ಸುಣ್ಣದ ಹರಳು, ಬೂದಿ, ಎಲುಬು ಎಲ್ಲಾ ಕರಗಿ ಹೋಗುತ್ತವೆ. ಹುಲ್ಲಿನ ಸಿಲಿಕಾ ಮತ್ತು ಇದ್ದಿಲು ಉಳಿಯುತ್ತವೆ. ಹಾಗಾಗಿ ಗೋವಾದಲ್ಲಿ ದುಂಡು ಹರಳು ಸಿಗಲಿಲ್ಲ ಅಂದ ಮಾತ್ರಕ್ಕೆ ದನ ಸಾಕಲಿಲ್ಲ ಅನ್ನುವ ಹಾಗಿಲ್ಲ. ನಮ್ಮ ಎರೆಮಣ್ಣಿನದು ಬೇರೆ ಕಷ್ಟ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಇವತ್ತಿನ ಮಣಿ ಹಳೇ ಪದರಕ್ಕೆ ಇಳಿದುಬಿಡುತ್ತದೆ. ಮಳೆಗೆ ಉಬ್ಬಿ ಮುಚ್ಚಿಕೊಂಡರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಸ್ಲೈಡಿನಲ್ಲಿ ಮಾತ್ರ, ಒತ್ತಡಕ್ಕೆ ಒಂದೇ ದಿಕ್ಕಿಗೆ ತಿರುಗಿದ ಜೇಡಿಯ ಪಟ್ಟೆಗಳು ಹೊಳೆಯುತ್ತವೆ. ಅದನ್ನು ಕೊಯ್ಯುವಾಗ ಗರಗಸಕ್ಕೆ ನೀರು ಬಿಟ್ಟರೆ ಉಬ್ಬುತ್ತದೆ ಅಂತ ನಾವು ಎಣ್ಣೆ ಬಳಸುತ್ತೇವೆ.

ಎಂಎ ಎರಡನೇ ವರ್ಷ, ಪುಣೆ

ಸರ್, 30 ಮೈಕ್ರಾನ್ ಆಯಿತು ಅಂತ ಉಜ್ಜುವಾಗ ಹೇಗೆ ಗೊತ್ತಾಗುತ್ತದೆ?

ಎರೆಹೊಲ, ಪುಣೆ

ಬಣ್ಣ ನೋಡಿ. ಅಡ್ಡ ಫಿಲ್ಟರ್‌ನಲ್ಲಿ ಕ್ವಾರ್ಟ್ಜ್ ಹರಳು ಹಳದಿ ಕಂಡರೆ ಇನ್ನೂ ದಪ್ಪ ಇದೆ. ಬೂದು ಬಿಳಿಗೆ ತಿರುಗಿದ ಕೂಡಲೇ ಕೈ ನಿಲ್ಲಿಸಬೇಕು. ಇಲ್ಲಿನ ಕರಿಕಲ್ಲಿನ ಸೀಮೆಯಲ್ಲಿ ಕ್ವಾರ್ಟ್ಜ್ ಕಡಿಮೆ, ಪ್ಲಾಜಿಯೋಕ್ಲೇಸ್ ಅನ್ನುವ ಇನ್ನೊಂದು ಹರಳು ನೋಡಬೇಕು, ಅದರ ಬಣ್ಣವೂ ಹೆಚ್ಚು ಕಡಿಮೆ ಅಷ್ಟೇ. ಹತ್ತು ಸಲ ಉಜ್ಜಿ ತೂತು ಮಾಡಿದ ಮೇಲೆ ಬೆರಳಿಗೆ ಬರುತ್ತದೆ. ಭಾನುವಾರ ಬನ್ನಿ, ತೋರಿಸುತ್ತೇನೆ.

ಒಂದು ನೋವಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಮೊದಲು ಇದ್ದ ಜಾಗದಲ್ಲಿ ಕೋಣೆ ಖಾಲಿ ಮಾಡುವಾಗ ಎರಡು ಕಪಾಟು ತುಂಬಾ ಇದ್ದ ರೆಸಿನ್ ಗಟ್ಟಿಗಳನ್ನು ಕಸದ ಗಾಡಿಗೆ ಹಾಕಿದರು. ಸ್ಲೈಡ್ ಆಯಿತಲ್ಲ, ಉಳಿದ ತುಂಡು ಯಾಕೆ ಅಂದರು. 2022ರಲ್ಲಿ ಸೈಬೀರಿಯಾದ ಡೆನಿಸೋವಾ ಗವಿಯ ಇಂಥದೇ ರೆಸಿನ್ ಗಟ್ಟಿಗಳಿಂದ ಹಳೇ ಮನುಷ್ಯರ, ಪ್ರಾಣಿಗಳ ಡಿಎನ್‌ಎ ತೆಗೆದಿದ್ದಾರೆ. ಎಷ್ಟೋ ದಶಕ ಕಪಾಟಿನಲ್ಲಿ ಇದ್ದ ಗಟ್ಟಿಗಳಲ್ಲೂ ಅದು ಉಳಿದಿರುತ್ತದೆ ಅಂತ ಗೊತ್ತಾಗಿದೆ. ಆ ಗಾಡಿಯ ಹಿಂದೆ ನಾನು ಓಡಬೇಕಿತ್ತು. ಇವತ್ತಿಗೂ ಅನಿಸುತ್ತದೆ.

ಕರಣೆ, ಪುಣೆ

ನಾನೂ ಭಾನುವಾರ ಬರಬಹುದಾ? ಹಳೇ ನೋಟ್‌ಬುಕ್ ತರುತ್ತೇನೆ. ನೆಲದ ಬಗ್ಗೆ ಬರೆದ ಪುಟಗಳನ್ನು ನಿಮ್ಮ ಸ್ಲೈಡ್ ನೋಡುತ್ತಾ ಇನ್ನೊಮ್ಮೆ ಓದಬೇಕು.

ಹುನಗುಂದದ ಮಗಳು, ಡೊಂಬಿವಲಿ

ತಮ್ಮಾ, ಬರುವ ತಿಂಗಳು ನನ್ನ ತವರು ಮನೆಯನ್ನೂ ಕೆಡವುತ್ತಾರೆ. ನಾನು ಹೋಗುತ್ತಿದ್ದೇನೆ. ನೆಲದ ಗಟ್ಟಿ ಹೇಗೆ ತೆಗೆಯಬೇಕು ಹೇಳು. ತಂದು ಕೊಡುತ್ತೇನೆ.

ಎರೆಹೊಲ, ಪುಣೆ

ಅಕ್ಕಾ, ಅಂಗಡಿಯಲ್ಲಿ ಸ್ವಿಚ್ ಬೋರ್ಡ್ ಕೂರಿಸುವ ತಗಡಿನ ಡಬ್ಬಿ ಸಿಗುತ್ತದೆ, ಅಂಥದ್ದು ತೆಗೆದುಕೊಳ್ಳಿ. ಔಷಧಿ ಅಂಗಡಿಯಲ್ಲಿ ಪ್ಲಾಸ್ಟರ್ ಬ್ಯಾಂಡೇಜ್ ಎರಡು ಸುರುಳಿ. ಮೊದಲು ನೆಲದ ಸುತ್ತ ಚಾಕುವಿನಿಂದ ನಾಲ್ಕೂ ಕಡೆ ಕಾಲುವೆ ಕೆತ್ತಿ, ನಡುವೆ ಡಬ್ಬಿಯಷ್ಟು ಅಗಲದ ಕಂಬ ಬಿಡಿ. ಡಬ್ಬಿಯನ್ನು ಮೇಲಿಂದ ನಿಧಾನವಾಗಿ ಒತ್ತಿ, ಸುತ್ತಿಗೆ ಬೇಡ. ಮಣ್ಣು ಉದುರುತ್ತಿದ್ದರೆ ಡಬ್ಬಿ ಬಿಟ್ಟು ಬ್ಯಾಂಡೇಜ್ ಸುತ್ತಿ, ಅದು ಬಿಗಿದ ಮೇಲೆ ಬುಡ ಕೊಯ್ಯಿರಿ. ಮೇಲ್ಮುಖಕ್ಕೆ ಬಾಣದ ಗುರುತು ಹಾಕಲೇಬೇಕು, ಬಾಗಿಲು ಯಾವ ಕಡೆ ಅಂತಲೂ ಬರೆಯಿರಿ. ಬಸ್ಸಿನಲ್ಲಿ ಡಿಕ್ಕಿಗೆ ಹಾಕಬೇಡಿ, ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ.

ಹುನಗುಂದದ ಮಗಳು, ಡೊಂಬಿವಲಿ

ಆಯಿತು. ಮೂಲೆಯದು ತರಲಾ, ಬಾಗಿಲ ಹತ್ತಿರದ್ದು ತರಲಾ?

ಎರೆಹೊಲ, ಪುಣೆ

ಎರಡೂ, ಅಕ್ಕಾ. ಆಗುವುದಾದರೆ ನಿಮ್ಮನ್ನು ನೋಡಲು ಬಂದ ದಿನ ನೀವು ಕೂತಿದ್ದ ಜಾಗದಿಂದಲೂ ಒಂದು.